ಕತ್ತಲಿಗೂ ಜಾಗ ಬಿಡುವ ದೀಪ

ನಿನ್ನೆ ರಾತ್ರಿ ಮಳೆ ನಿಂತ ಮೇಲೆ ಈಚಲು ಹುಳುಗಳು ಎದ್ದಿದ್ದವು. ಬೆಳಿಗ್ಗೆ ನೋಡಿದರೆ ಬೀದಿದೀಪದ ಕಂಬದ ಬುಡದಲ್ಲಿ ರೆಕ್ಕೆಗಳ ರಾಶಿ. ರೆಕ್ಕೆ ಕಳಚುವುದು ಅವುಗಳ ಸ್ವಭಾವ, ಸರಿ. ಆದರೆ ಊರಿನ ಈಚಲೆಲ್ಲ ಆ ಒಂದೇ ಕಂಬಕ್ಕೆ ಬಂದು ಬೀಳಬೇಕಿತ್ತೇ?

ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ, ಶಿವನಸಮುದ್ರದ ಕರೆಂಟಿನಿಂದ. ಆಮೇಲೆ ಹಳದಿ ಸೋಡಿಯಂ ದೀಪಗಳು ಬಂದವು, ಈಗ ಬೆಳ್ಳನೆಯ ಎಲ್‌ಇಡಿ. ಎಲ್‌ಇಡಿ ಕರೆಂಟು ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ನೀಲಿ ಬೆರೆತ ಬಿಳುಪು ಹುಳುಗಳನ್ನು ಹೆಚ್ಚು ಸೆಳೆಯುತ್ತದೆ. ಮಲೆನಾಡಿನ ಮಿಂಚುಹುಳುವಿಗಂತೂ ಬೆಳಕೇ ಭಾಷೆ. ಗಂಡು ಮಿನುಗುತ್ತದೆ, ಹೆಣ್ಣು ಮರುಮಿನುಗುತ್ತದೆ. ನಡುವೆ ನಮ್ಮ ದೀಪ ಕಣ್ಣು ಕುಕ್ಕಿದರೆ ಆ ಮಾತುಕತೆ ಅಲ್ಲಿಗೇ ನಿಂತಿತು.

ನೆದರ್ಲೆಂಡ್ಸಿನ ನ್ಯೂಕೋಪ್‌ನಲ್ಲಿ ಬಾವಲಿಗಳಿಗಾಗಿ ಬೀದಿಗೆ ಕೆಂಪು ದೀಪ ಹಾಕಿದ್ದಾರೆ. ಜನರಿಗೆ ದಾರಿ ಕಾಣುತ್ತದೆ, ಬಾವಲಿಗಳ ಪಾಲಿಗೆ ಅದು ಹೆಚ್ಚುಕಡಿಮೆ ಕತ್ತಲೆಯೇ. ನಮಗೆ ಅಷ್ಟು ದೂರ ಹೋಗಬೇಕಿಲ್ಲ. ದೀಪದ ತಲೆಗೊಂದು ಮುಚ್ಚಳ, ನೆಲಕ್ಕಷ್ಟೇ ಬೀಳುವ ಹಳದಿ ಬೆಳಕು, ಓಡಾಟ ನಿಂತ ಹೊತ್ತಿಗೆ ತಾನೇ ಮಂಕಾಗುವ ಏರ್ಪಾಡು ಇದ್ದರೆ ಸಾಕು. ಕಂಬದ ದೀಪ ಆಲದ ಮರದ ಕೊಂಬೆಯೊಳಗೆ ಉರಿಯುವುದು ಯಾರಿಗಾಗಿ?

ನಿಮ್ಮ ಬೀದಿಗೆ ಹೊಸ ದೀಪ ಹಾಕಲು ಬಂದಾಗ, ಬೆಳಕಿನ ಬಣ್ಣ ಯಾವುದು, ಮುಚ್ಚಳ ಇದೆಯೇ ಎಂದು ಒಮ್ಮೆ ಕೇಳಿ ನೋಡಿ.