ಮಂಗಟ್ಟೆಯ ಬಾಗಿಲು



ದಾಂಡೇಲಿಯ ಕಟ್ಟಿಗೆ ಡಿಪೋಗೆ ಮಂಗಟ್ಟೆ ಹಕ್ಕಿ ನೋಡಲು ದೂರದ ಜನ ಕ್ಯಾಮೆರಾ ಹಿಡಿದು ಬರುತ್ತಾರೆ. ಅದರ ಕೂಗು ಕೇಳುತ್ತಲೇ ಬೆಳೆದ ನಾನು ಶಾಲೆಯಲ್ಲಿದ್ದಾಗ ಒಂದು ಪ್ರಶ್ನೆ ಕೇಳಲೇ ಇಲ್ಲ: ಮೊಟ್ಟೆಯಿಡುವ ಹೆಣ್ಣು ಮಂಗಟ್ಟೆ ಮರದ ಪೊಟರೆ ಸೇರಿ ಬಾಗಿಲು ಮುಚ್ಚಿಕೊಳ್ಳುವುದೇಕೆ?

ಹಿಕ್ಕೆ, ಹಣ್ಣಿನ ತಿರುಳು ಮೆತ್ತಿ, ಕೊಕ್ಕು ಹೊರಬರುವಷ್ಟೇ ಸೀಳು ಬಿಡುತ್ತದೆ. ಮೊಟ್ಟೆ ಕದಿಯುವ ಪ್ರಾಣಿಗಳಿಂದ, ಗೂಡು ಕಸಿಯುವ ಬೇರೆ ಮಂಗಟ್ಟೆಗಳಿಂದ ಇದು ರಕ್ಷಣೆ ಎನ್ನುತ್ತಾರೆ ವಿಜ್ಞಾನಿಗಳು. ಒಳಗಿರುವಾಗಲೇ ಹಳೆಯ ಗರಿ ಉದುರಿಸಿ ಹೊಸತು ಬೆಳೆಸಿಕೊಳ್ಳುತ್ತದೆ. ದೊಡ್ಡ ಮಂಗಟ್ಟೆಯ ಈ ವಾಸ ಸುಮಾರು 3 ತಿಂಗಳು. ಅಷ್ಟೂ ದಿನ ಗಂಡು ಅತ್ತಿ, ಆಲದ ಹಣ್ಣು ತಂದು ಉಣಿಸಬೇಕು. ಗಂಡಿಗೆ ಏನಾದರೂ ಆದರೆ ಒಳಗಿನ ಸಂಸಾರಕ್ಕೂ ಕುತ್ತು.

ಮರಕುಟಿಗದಂತೆ ಮಂಗಟ್ಟೆಗೆ ಮರ ಕೊರೆಯಲು ಬಾರದು. ಕೊಂಬೆ ಮುರಿದು, ಕೊಳೆತು, ವರ್ಷಗಟ್ಟಲೆಯಲ್ಲಿ ಆದ ಪೊಟರೆಯೇ ಬೇಕು. ಅದು ಸಿಗುವುದು ಹಳೆಯ ದಪ್ಪ ಮರದಲ್ಲಿ. ನಮ್ಮ ಗದ್ದೆಯಂಚಿನ ಟೊಳ್ಳು ಮರವನ್ನು 'ಇದರಿಂದೇನು ಉಪಯೋಗ' ಎಂದು ಕಡಿಸಿದಾಗ ನಾನೂ ಹಗ್ಗ ಎಳೆದವನು.

2011ರಲ್ಲಿ ಸರ್ಕಾರ ದಾಂಡೇಲಿಯ 52.5 ಚದರ ಕಿ.ಮೀ. ಕಾಡನ್ನು ಮಂಗಟ್ಟೆ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ಆದರೆ ಹಣ್ಣು ಹುಡುಕುವ ಹಕ್ಕಿ ಜೋಯಿಡಾ, ಹಳಿಯಾಳದ ನಮ್ಮ ಬೆಟ್ಟಗಳಿಗೂ ಬರುತ್ತದೆ. ಬೀಜ ಉದುರಿಸಿ ಕಾಡು ಬೆಳೆಸುತ್ತದೆ.

ಮಕ್ಕಳೇ, ಮನೆಯಲ್ಲಿ ಟೊಳ್ಳು ಮರ ಕಡಿಯುವ ಮಾತು ಬಂದರೆ 'ಒಳಗೆ ಯಾರಿದ್ದಾರೆ?' ಎಂದು ಮೊದಲು ಕೇಳಿ. ಅಂದು ಹಗ್ಗ ಹಿಡಿದಾಗ ನಾನು ಅದನ್ನು ಕೇಳಲಿಲ್ಲ.