ಒಂದೇ ಕರೆ, ಎರಡು ಫಲ

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವವರೆಲ್ಲ ಮಾಚೇನಹಳ್ಳಿಯ ಹಾಲಿನ ಡೇರಿಯನ್ನು ಬಲ್ಲರು. ಆ ಊರಿನಲ್ಲೇ ನನ್ನ ಸೋದರಮಾವನ ಮನೆ. ಪ್ರಾಸ್ಟೇಟ್ ಕ್ಯಾನ್ಸರಿಗೆಂದು ಮೊದಲ ಚುಚ್ಚುಮದ್ದು ಪಡೆದ ವಾರದಲ್ಲೇ ಅವರ ಮೂಳೆನೋವು ಹೆಚ್ಚಿತು. "ಹಸು ಗಬ್ಬವಾಗಲೆಂದು ಪಶುವೈದ್ಯರು ಕೊಟ್ಟದ್ದೂ ಇದೇ ಜಾತಿಯ ಮದ್ದಲ್ಲವೇನಪ್ಪ? ನನಗಿದು ಬೇಡ" ಎಂದರು.

ಅವರ ಸಂದೇಹ ಯುಕ್ತವೇ. ಮಿದುಳಿನ ಹೈಪೊಥಲಾಮಸ್ ಒಂದೆರಡು ಗಂಟೆಗೊಮ್ಮೆ ಒಂದು ಹಾರ್ಮೋನನ್ನು ಹೊರಬಿಡುತ್ತದೆ; ಆ ಕರೆಗೆ ಓಗೊಟ್ಟು ಪಿಟ್ಯುಟರಿ ಗ್ರಂಥಿಯು ವೃಷಣ, ಅಂಡಾಶಯಗಳನ್ನು ಎಚ್ಚರಿಸುತ್ತದೆ. ಹತ್ತು ಅಮೈನೊ ಆಮ್ಲಗಳ ಈ ಸರಪಣಿಯ ರಚನೆಯನ್ನು ಆಂಡ್ರ್ಯೂ ಶಾಲಿಯವರ ತಂಡ 1971ರಲ್ಲಿ ಪ್ರಕಟಿಸಿತು. 1977ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕದ ಪಾಲು ಸಂದಿತು.

ಇದರ ಕೃತಕ ರೂಪವನ್ನು ಹಸುವಿಗೆ ಒಮ್ಮೆ ಕೊಟ್ಟರೆ ಅಂಡ ಬಿಡುಗಡೆಯಾಗುತ್ತದೆ. ಮನುಷ್ಯನ ಮೈಯಲ್ಲಿ ಅದು ತಿಂಗಳುಗಟ್ಟಲೆ ಎಡೆಬಿಡದೆ ಒಸರಿದರೆ, ಟೆಸ್ಟೊಸ್ಟಿರೋನ್ ಮೊದಲು ಏರಿ, ಮೂರು ನಾಲ್ಕು ವಾರಗಳಲ್ಲಿ ವೃಷಣ ತೆಗೆದವರ ಮಟ್ಟಕ್ಕೆ ಇಳಿಯುತ್ತದೆ. ಸದಾ ಕೂಗುವವನಿಗೆ ಪಿಟ್ಯುಟರಿ ಓಗೊಡದು. ಮೊದಲ ಏರಿಕೆಯ ಪೆಟ್ಟನ್ನು ತಡೆಯಲು ವೈದ್ಯರು ಬೇರೆ ಮಾತ್ರೆ ಕೊಟ್ಟಿದ್ದರು. ಮಾವ ಅದನ್ನು ನುಂಗಿರಲೇ ಇಲ್ಲ.

ಅಂದೇ ಅವರನ್ನು ವೈದ್ಯರ ಬಳಿಗೆ ಕರೆದೊಯ್ದೆ. ಎರಡನೆಯ ಚುಚ್ಚುಮದ್ದಿಗೆ ಅವರು ತಾವಾಗಿಯೇ ಹೊರಟರು. ನೋವು ಹೆಚ್ಚಿದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಏರಿಕೆಗೆ ಹೆದರಿ ಮದ್ದನ್ನೇ ಬಿಟ್ಟವರಿಗೆ ಇಳಿತದ ಲಾಭ ದಕ್ಕದು.