ಪರದೆ ಮೇಲೆ ಬಂದ ಮೊದಲ ಅಕ್ಕಂದಿರು



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಾಲ್ಕೂ ತಾಲ್ಲೂಕಿನಿಂದ ಬಂದಿದ್ದೀರಿ. ಕೂಲಿ ಬಿಟ್ಟು ಬಂದವರೂ ಇದ್ದೀರಿ. ಇವತ್ತು ನಾವು ನಾಟಕ, ಸಿನಿಮಾ ವಿಷಯ ಮಾತಾಡೋಣ. ನಗಬೇಡಿ. ಇದು ಹೆಂಗಸರ ಕಥೆ.

ನಮ್ಮ ಕಡೆ ಜಾತ್ರೆ ಬಂದರೆ 'ಕುರುಕ್ಷೇತ್ರ' ನಾಟಕ ಆಡ್ತಾರೆ. ಭೀಮ, ದುರ್ಯೋಧನ ಎಲ್ಲಾ ಊರಿನ ಗಂಡಸರೇ. ದ್ರೌಪದಿ ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯನ್ನು ಕರೆಸ್ತಾರೆ. ಆಕೆ ಹಾಡಿದರೆ ಚಪ್ಪಾಳೆ ಹೊಡೀತೀವಿ. ಆಮೇಲೆ ಮನೆಗೆ ಬಂದು ಏನಂತೀವಿ? "ನಾಟಕದೋಳು" ಅಂತೀವಿ. ನಾವೂ ಅಂದಿದ್ದೀವಿ. ಸುಳ್ಳು ಯಾಕೆ ಹೇಳೋಣ?

ಹಿಂದೆ ಹೆಣ್ಣಿನ ಪಾತ್ರವನ್ನೂ ಗಂಡಸರೇ ಸೀರೆ ಉಟ್ಟು ಮಾಡ್ತಿದ್ದರು. ಹೆಂಗಸು ರಂಗಕ್ಕೆ ಬಂದರೆ ಮಾನ ಹೋಯ್ತು ಅಂತಿದ್ದರು. ಅಂಥ ಕಾಲದಲ್ಲಿ ಕೆಲವರು ಬಂದೇಬಿಟ್ಟರು.

ನಮ್ಮ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಒಂದು ನಾಟಕ ಕಂಪನಿ ಶುರುವಾಯಿತು. ಗುಬ್ಬಿ ವೀರಣ್ಣನವರು ಸಣ್ಣ ಹುಡುಗನಾಗಿ ಅದನ್ನು ಸೇರಿ, ಮುಂದೆ ಅದರ ಮಾಲೀಕರೇ ಆದರು. ಆ ಕಂಪನಿಯ ದೊಡ್ಡ ನಟಿ ಬಿ. ಜಯಮ್ಮ. ವೀರಣ್ಣನವರನ್ನು ಮದುವೆಯಾದವರು. ಚೆನ್ನಾಗಿ ಹಾಡ್ತಿದ್ದರು. ಹೇಮರೆಡ್ಡಿ ಮಲ್ಲಮ್ಮನ ಕಥೆ ನಿಮಗೆಲ್ಲ ಗೊತ್ತಲ್ಲ? ಅದು ಸಿನಿಮಾ ಆದಾಗ ಅದರಲ್ಲಿ ಜಯಮ್ಮ ಅಭಿನಯಿಸಿದರು. 1945ರಲ್ಲಿ 'ಸ್ವರ್ಗಸೀಮ' ಅನ್ನೋ ತೆಲುಗು ಸಿನಿಮಾದಲ್ಲೂ ಮಾಡಿದರು. ಪಾವಗಡದ ಅಕ್ಕಂದಿರಿಗೆ ಇದು ಖುಷಿಯ ಸುದ್ದಿ!

ಕನ್ನಡದಲ್ಲಿ ತೆರೆಗೆ ಬಂದ ಮೊದಲ ಮಾತಿನ ಸಿನಿಮಾ 'ಸತಿ ಸುಲೋಚನಾ'. ಬೆಂಗಳೂರಿನಲ್ಲಿ 1934ರ ಮಾರ್ಚ್ 3ರಂದು ಬಂತು. ಇಂದ್ರಜಿತುವಿನ ಹೆಂಡತಿ ಸುಲೋಚನೆಯ ಕಥೆ. ಸುಲೋಚನೆ ಆದವರು ತ್ರಿಪುರಾಂಬ. ಚಿತ್ರ ತೆಗೆದದ್ದು ದೂರದ ಕೊಲ್ಲಾಪುರದಲ್ಲಿ. ಆಗ ನಟನೆ ಒಬ್ಬರದು, ದನಿ ಇನ್ನೊಬ್ಬರದು ಅನ್ನೋ ಪದ್ಧತಿ ಇರಲಿಲ್ಲ. ನಟಿಸುವವರೇ ಹಾಡಬೇಕು. ಆ ಸಿನಿಮಾದ ಪ್ರತಿ ಇವತ್ತು ಎಲ್ಲೂ ಉಳಿದಿಲ್ಲ. ತ್ರಿಪುರಾಂಬ ಹೇಗೆ ಹಾಡಿದರು ಅಂತ ನಾವು ಕೇಳೋ ಹಾಗಿಲ್ಲ. ಹೆಸರು ಮಾತ್ರ ಉಳಿದಿದೆ. ಅದೂ ಯಾರೋ ಬರೆದಿಟ್ಟಿದ್ದರಿಂದ.

ಇನ್ನು ಎಂ. ವಿ. ರಾಜಮ್ಮ. ಈಕೆಯ ಕಥೆ ನಮಗೆ ತುಂಬಾ ಇಷ್ಟ. 1936ರಲ್ಲಿ 'ಸಂಸಾರ ನೌಕೆ'ಯಲ್ಲಿ ನಾಯಕಿ. ಅದು ದೇವರ ಕಥೆಯಲ್ಲ, ನಮ್ಮ ನಿಮ್ಮಂಥ ಸಂಸಾರದ ಕಥೆ. ಆಮೇಲೆ ರಾಜಮ್ಮ ಇನ್ನೊಂದು ಹೆಜ್ಜೆ ಇಟ್ಟರು. 1943ರಲ್ಲಿ 'ರಾಧಾರಮಣ' ಸಿನಿಮಾವನ್ನು ತಾವೇ ತೆಗೆಸಿದರು. ಅಂದರೆ ಬಂಡವಾಳ ಹೊಂದಿಸಬೇಕು. ನಟರಿಗೆ, ಕೆಲಸಗಾರರಿಗೆ ಸಂಬಳ ಕೊಡಬೇಕು. ಲೆಕ್ಕ ನೋಡಬೇಕು. ಅದು ಯುದ್ಧದ ಕಾಲ, ಫಿಲಂ ಸಿಗೋದೇ ಕಷ್ಟ. ಕನ್ನಡದಲ್ಲಿ ಸಿನಿಮಾ ತೆಗೆಸಿದ ಮೊದಲ ಹೆಣ್ಣುಮಗಳು ಈಕೆ. ಬಾಲಕೃಷ್ಣ, ಜಿ. ವಿ. ಅಯ್ಯರ್ ಅಂಥ ದೊಡ್ಡ ಹೆಸರಿನವರು ಸಿನಿಮಾಕ್ಕೆ ಕಾಲಿಟ್ಟಿದ್ದು ಈ ಚಿತ್ರದಲ್ಲೇ. ಕೂಲಿ ಬಟವಾಡೆ ಮಾಡೋ ಕೈ ಗಂಡಸಿನದೇ ಆಗಬೇಕೇನು?

ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಮುಂಬಯಿಗೆ ಹೋಗಿ ಹಿಂದಿ ಸಿನಿಮಾಗಳಲ್ಲಿ ಹಾಡಿದರು. ಗಂಗೂಬಾಯಿ ಹಾನಗಲ್ ಸಿನಿಮಾದವರಲ್ಲ, ಸಂಗೀತದವರು. ಹುಡುಗಿಯಾಗಿದ್ದಾಗ ಬೀದಿಯಲ್ಲಿ ನಡೆದರೆ ಜನ "ಹಾಡೋಳು ಬಂದಳು" ಅಂತ ಹಂಗಿಸ್ತಿದ್ದರು. ಓದಿದ್ದು ಪ್ರಾಥಮಿಕ ಶಾಲೆ ಮಾತ್ರ. ಈಗ ಮೈಸೂರಿನಲ್ಲಿ ಅವರ ಹೆಸರಿನ ವಿಶ್ವವಿದ್ಯಾಲಯವೇ ಇದೆ.

ಮುಂದಿನ ಜಾತ್ರೆಗೆ ನಾಟಕದ ಕರಪತ್ರ ಬರುತ್ತೆ. ಮೇಲೆ ಗಂಡಸರ ಫೋಟೋ, ಹೆಸರು ಇರುತ್ತೆ. ಕೆಳಗಡೆ ಸಣ್ಣಕ್ಷರದಲ್ಲಿ ಕಲಾವಿದೆಯರ ಹೆಸರು ಹಾಕಿರ್ತಾರೆ. ಈಗ ನಿಮಗೆ ಓದೋಕೆ ಬರುತ್ತೆ. ಅಲ್ಲಿಂದಲೇ ಓದೋಕೆ ಶುರು ಮಾಡಿ. ನಾಟಕ ಮುಗಿದ ಮೇಲೆ ಆಕೆಯನ್ನು ಹೆಸರು ಹಿಡಿದು ಕರೆದು, ಒಂದು ಲೋಟ ಕಾಫಿ ಕೊಡಿ. ರಾತ್ರಿಯೆಲ್ಲಾ ಹಾಡಿರ್ತಾಳೆ.